ಒಳಪೆಡಲಿನ ಉತ್ತರ

ಇಂಗ್ಲಿಷ್ ಬಲ್ಲಿರಾ ಎಂದು ಅಳೆಯುವ ಐಇಎಲ್‌ಟಿಎಸ್‌ನ ಮೌಖಿಕ ಪರೀಕ್ಷೆಯ ಪ್ರಶ್ನೆಗಳಲ್ಲಿ ನನಗೆ ಬಲು ಇಷ್ಟವಾದವು ಸೈಕಲ್ಲಿನವು. ಚಿಕ್ಕಂದಿನಲ್ಲಿ ನಿಮ್ಮ ಹತ್ತಿರ ಸೈಕಲ್ ಇತ್ತೇ? ಕಲಿಸಿದವರು ಯಾರು? ಈಗಲೂ ತುಳಿಯುತ್ತೀರಾ? ಕೇಳುವವರ ಮುಖದಲ್ಲಿ ಯಾವ ಭಾವವೂ ಕಾಣದಿರಬಹುದು. ಪ್ರಶ್ನೆಗಳು ಮಾತ್ರ ಬಾಲ್ಯದ ಬಾಗಿಲನ್ನೇ ತಟ್ಟುತ್ತವೆ.

ಹೊರದೇಶಕ್ಕೆ ಓದಲು ಹೊರಟ ಮಕ್ಕಳು ಸಂಜೆ ಅಭ್ಯಾಸಕ್ಕೆಂದು ನಮ್ಮ ಮನೆಗೆ ಬರುತ್ತಾರೆ. ಸೈಕಲ್ ಎಂದೊಡನೆ ಬಾಯಿಪಾಠ ಶುರು: ಸೈಕಲ್ ಪರಿಸರಸ್ನೇಹಿ, ಆರೋಗ್ಯಕ್ಕೆ ಹಿತ, ಇಂಧನ ಉಳಿತಾಯ. ತಪ್ಪೇನಿಲ್ಲ. ಆದರೆ ಹೇಳುವವರು ಅದರಲ್ಲಿ ಎಲ್ಲೂ ಇಲ್ಲ. ಆಗ ನಾನು ಕನ್ನಡದಲ್ಲೇ ಕೇಳುತ್ತೇನೆ, "ಮೊದಲು ಬಿದ್ದದ್ದು ಎಲ್ಲಪ್ಪಾ?"

ವಿಜಯಪುರದ ಕಡೆಯ ಹುಡುಗನೊಬ್ಬನ ಮುಖ ಅರಳಿಬಿಟ್ಟಿತು. "ನಮ್ಮ ಅಪ್ಪಾರ ಅಟ್ಲಾಸ್ ಸೈಕಲ್ ರೀ ಮೇಡಂ. ಸೀಟು ನನ್ನ ಎದಿ ಮಟ ಬರ್ತಿತ್ತು." ಮುಂದೆ ಬಂದದ್ದು ಒಳಪೆಡಲಿನ ಪುರಾಣ. ಎಡಗಾಲು ಈಚೆಯ ಪೆಡಲಿನ ಮೇಲೆ, ಬಲಗಾಲು ಬಾರಿನ ಕೆಳಗೆ ತೂರಿ ಆಚೆಯ ಪೆಡಲಿಗೆ. ಎಡಗೈ ಹ್ಯಾಂಡಲಿಗೆ, ಸೀಟು ಬಲ ಕಂಕುಳಲ್ಲಿ. ಮೈಯೆಲ್ಲ ಒಂದು ಕಡೆ ವಾಲಿ, ಪೆಡಲ್ ಪೂರ್ತಿ ಸುತ್ತು ತಿರುಗದೆ ಅರ್ಧ ಮುಂದೆ, ಅರ್ಧ ಹಿಂದೆ, ಹಿಂದಿನ ಗಾಲಿಯ ಕಟಕಟ ಸದ್ದು. ಚೈನಿನ ಎಣ್ಣೆ ಚಡ್ಡಿಗೆ, ಜಾಲಿಗಿಡದ ಮುಳ್ಳು ಟೈರಿಗೆ. ಒಂದು ದಿನ ಧೈರ್ಯ ಮಾಡಿ ಬಾರಿನ ಮೇಲಿಂದ ಕಾಲು ಹಾಕಿದನಂತೆ. ಇಳಿಯುವುದು ಹೇಗೆಂದು ಗೊತ್ತಾಗದೆ ಗುಡಿಯ ಕಟ್ಟೆಗೆ ಕಾಲೂರಿ ನಿಂತನಂತೆ!

"ಇದನ್ನೇ ಇಂಗ್ಲಿಷಿನಲ್ಲಿ ಹೇಳು" ಎಂದೆ. ತಡವರಿಸಿದ, ಆದರೆ ನಿಲ್ಲಲಿಲ್ಲ. ಆಗಿಹೋದ ಕತೆಯಾದ್ದರಿಂದ ಭೂತಕಾಲ ತಾನಾಗಿ ಬಂತು. ಈಗ ಆ ಸೈಕಲ್ ಎಲ್ಲಿದೆ ಎಂದರೆ ವರ್ತಮಾನ, ಮುಂದೆ ಎಂಥದ್ದು ಕೊಳ್ಳುತ್ತೀ ಎಂದರೆ ಭವಿಷ್ಯ. ವ್ಯಾಕರಣದ ಪುಸ್ತಕ ತೆರೆಯಲೇ ಇಲ್ಲ. ನನಗೆ ಆ ಸಂಜೆಯಷ್ಟು ಸಂತೋಷ ಕೊಟ್ಟ ಪಾಠಗಳು ಕಡಿಮೆ.

ಪರೀಕ್ಷೆ ಕೇಳುವುದೂ ಇಂಥ ಮಾತನ್ನೇ. ಹನ್ನೊಂದರಿಂದ ಹದಿನಾಲ್ಕು ನಿಮಿಷದ ಮಾತುಕತೆಯಲ್ಲಿ ಅಳೆಯುವುದು ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರ; ನಾಲ್ಕಕ್ಕೂ ಸಮಾನ ತೂಕ. ಸೈಕಲ್ಲಿನ ಬಗ್ಗೆ ಎಷ್ಟು ತಿಳಿದಿದ್ದೀರಿ ಎಂಬುದಕ್ಕೆ ಅಂಕವಿಲ್ಲ. ನಮ್ಮ ಕನ್ನಡದ ಧಾಟಿ ಇಂಗ್ಲಿಷಿನಲ್ಲಿ ಇಣುಕಿದರೂ ಕುಂದಲ್ಲ, ಕೇಳುವವರಿಗೆ ಅರ್ಥವಾದರೆ ಸರಿ. ಎರಡನೇ ಭಾಗದಲ್ಲಿ ವಿಷಯದ ಚೀಟಿ ಕೊಟ್ಟು ಯೋಚಿಸಲು ಒಂದು ನಿಮಿಷ ಬಿಡುತ್ತಾರೆ, ಆಮೇಲೆ ಎರಡು ನಿಮಿಷದವರೆಗೆ ಮಾತು. ಗುಡಿಯ ಕಟ್ಟೆಯ ಕತೆ ಇದ್ದವನಿಗೆ ಆ ಎರಡು ನಿಮಿಷ ಸಾಲದು.

ಕಷ್ಟ ಮೂರನೇ ಭಾಗದ್ದು. ನಗರಗಳಲ್ಲಿ ಸೈಕಲ್ ಯಾಕೆ ಕಡಿಮೆಯಾಯಿತು, ಸರ್ಕಾರ ಏನು ಮಾಡಬೇಕು ಎಂಬಂಥ ಪ್ರಶ್ನೆಗಳು. ಅಲ್ಲಿಯೂ ನಮ್ಮ ಮಕ್ಕಳ ಕೈ ಬರಿದಲ್ಲ. 2006-07ರಿಂದ ಕರ್ನಾಟಕದಲ್ಲಿ ಎಂಟನೇ ತರಗತಿಯವರಿಗೆ ಸರ್ಕಾರ ಸೈಕಲ್ ಕೊಟ್ಟಿತು. ಅದನ್ನೇ ತುಳಿದು ಪಕ್ಕದೂರಿನ ಹೈಸ್ಕೂಲು ಮುಗಿಸಿದ ಹುಡುಗಿಯ ಅಭಿಪ್ರಾಯಕ್ಕೆ ಯಾವ ಗೈಡೂ ಸಾಟಿಯಲ್ಲ. ಮೈಸೂರಿನವರು 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲಿನ ಮಾತಾಡಬಹುದು. ಸೈಕಲ್ ಕಡಿಮೆಯಾದ ಮಾತು ಬಂದಾಗ ನಾನು ಹೇಳಿದ್ದು: ಅಟ್ಲಾಸ್ ಸೈಕಲ್ಲಿನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಇದನ್ನು ಕೇಳಿ ವಿಜಯಪುರದ ನಮ್ಮ ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ.

ಪರೀಕ್ಷೆಗೆ ಹೊರಟವರಲ್ಲಿ ನನ್ನದೊಂದು ಕೋರಿಕೆ. ಸಿದ್ಧ ಉತ್ತರಗಳ ಪುಸ್ತಕ ಮುಚ್ಚಿಡಿ. ನಿಮಗೆ ಸೈಕಲ್ ಕಲಿಸಿದ ಅಪ್ಪನಿಗೋ ಅಕ್ಕನಿಗೋ ಇವತ್ತೇ ಫೋನ್ ಮಾಡಿ, ಆಗ ಏನೇನಾಯಿತು ಎಂದು ಕೇಳಿಕೊಳ್ಳಿ.