ಒಂದು ಗೇಣಿನ ಲೆಕ್ಕ

2021ರ ಜೂನ್ 26, ರೋಮ್‌ನ ಫೋರೊ ಇಟಾಲಿಕೊ ಈಜುಕೊಳ. ತಲೆಯ ಮೇಲೆ ಸೂರಿಲ್ಲ, ನೀರಿನ ಮೇಲೆ ಬಯಲು ಬೆಳಕು. ಪುರುಷರ 200 ಮೀಟರ್ ಬಟರ್‌ಫ್ಲೈ ಶುರುವಾಗಲಿದೆ. ಬ್ಲಾಕಿನ ಮೇಲೆ ಸಜನ್ ಪ್ರಕಾಶ್ ನಿಂತಿದ್ದಾರೆ. ನೀವು ನೆನಪಿಡಬೇಕಾದ ಅಂಕಿ ಒಂದೇ: 1 ನಿಮಿಷ 56.48 ಸೆಕೆಂಡ್. ಅಷ್ಟರೊಳಗೆ ಗೋಡೆ ಮುಟ್ಟಿದರೆ ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಪ್ರವೇಶ. ಇವತ್ತಿನವರೆಗೆ ಈ ‘ಎ’ ಅರ್ಹತೆಯ ಗೆರೆ ದಾಟಿದ ಭಾರತೀಯ ಈಜುಗಾರ ಒಬ್ಬರೂ ಇಲ್ಲ. ಗಡುವಿಗೆ ಉಳಿದಿರುವುದು ನಾಳೆ ಒಂದು ದಿನ.

ಪೀಪಿ ಕೂಗಿತು. ಎಂಟೂ ಜನ ನೀರೊಳಗೆ. ಹದಿನೈದು ಮೀಟರಿನೊಳಗೆ ತಲೆ ಮೇಲೆ ಬರಲೇಬೇಕು; ಅಲ್ಲಿಂದ ಎರಡೂ ತೋಳು ಒಟ್ಟಿಗೆ ಎದ್ದು ಒಟ್ಟಿಗೆ ಬೀಳಬೇಕು. ಮೊದಲ ಐವತ್ತು ಮೀಟರ್ ನೋಡುವುದಕ್ಕೆ ಹಗುರ. ಎರಡನೆಯದರಲ್ಲೂ ಲಯ ಕೆಟ್ಟಿಲ್ಲ.

ಅವರು ತಿರುವಿನತ್ತ ಬರುವಷ್ಟರಲ್ಲಿ ಬಸವನಗುಡಿಗೆ ಹೋಗಿ ಬರೋಣ.

ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರ್, ಬೆಳಗಿನ ಜಾವ. ಕ್ಲೋರಿನ್ ವಾಸನೆ ಮೂಗಿಗೆ ಅಡರುತ್ತದೆ. ಮಕ್ಕಳು ಟೋಪಿ ಎಳೆದುಕೊಂಡು, ಗಾಗಲ್ಸ್‌ಗೆ ನೀರು ಚಿಮುಕಿಸಿಕೊಂಡು, ಒಬ್ಬರ ಹಿಂದೊಬ್ಬರು ಧುಮುಕುತ್ತಾರೆ. ಕೊಳದ ಅಂಚಿನಲ್ಲಿ ಕೋಚ್ ನಡೆಯುತ್ತಾರೆ. ಈಜುವವರ ಜೊತೆಗೇ ಅತ್ತ, ಅವರ ಜೊತೆಗೇ ಇತ್ತ. ಕೈಯಲ್ಲಿ ಸ್ಟಾಪ್‌ವಾಚ್. ಸಜನ್ ಅವರ ಕೋಚ್ ಎಸ್. ಪ್ರದೀಪ್ ಕುಮಾರ್ ಅವರ ವೃತ್ತಿ ಬೆಳೆದದ್ದು ಇಂಥ ಬೆಳಗುಗಳಲ್ಲಿ. ಅವರ ಶಿಷ್ಯೆ ನಿಶಾ ಮಿಲೆಟ್ 2000ದಲ್ಲಿ, 18ನೇ ವಯಸ್ಸಿಗೆ, ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ಮುಂದೆ ತಾವೇ ಅಕಾಡೆಮಿ ಕಟ್ಟಿ ಮಕ್ಕಳಿಗೆ ಕಲಿಸಲು ನಿಂತರು. 2008ರ ಬೀಜಿಂಗ್‌ಗೆ ರೆಹಾನ್ ಪೂಂಚಾ ಹೋದರು. ಅವರದ್ದೂ 200 ಮೀಟರ್ ಬಟರ್‌ಫ್ಲೈ. ಎರಡು ನಿಮಿಷದ ಗಡಿ ಅಂದು ಮುರಿಯಲಿಲ್ಲ. 2016ರ ರಿಯೊದಲ್ಲಿ ಸಜನ್ ಅದನ್ನು ಮುರಿದರು: 1 ನಿಮಿಷ 59.37 ಸೆಕೆಂಡ್. ಪ್ರದೀಪ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದೂ ಅದೇ ವರ್ಷ.

ಕೊಳವಿಲ್ಲದೆಯೂ ಈಜು ಕಲಿಯುವುದುಂಟು. ಈಗ ಅಜ್ಜಂಪುರದಾಚೆ ಶಿವನಿ ಕಡೆಯ ಒಂದು ತೋಟದ ಬಾವಿಗೆ ಬನ್ನಿ. ಬೇಸಿಗೆ ರಜೆ. ಹುಡುಗನ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಬಿಗಿದಿದೆ. ಮೆಟ್ಟಿಲ ಮೇಲೆ ಕೂತ ಮಾವ ಹಗ್ಗದ ತುದಿ ಹಿಡಿದು, “ಕಾಲು ಬಡಿಯೋ, ಕಾಲು ಬಡಿ!” ಅನ್ನುತ್ತಾನೆ. ಹುಡುಗ ನೀರು ಕುಡಿದು, ಕೆಮ್ಮಿ, ಮತ್ತೆ ಬಡಿಯುತ್ತಾನೆ. ಬುರುಡೆ ಬಿಚ್ಚಿದ ದಿನ ಮಾವನ ಕೆಲಸ ಮುಗಿಯಿತು. ಹುಡುಗ ಮುಳುಗುವುದಿಲ್ಲ, ಅಷ್ಟು ಸಾಕು. ಕೋಚ್‌ನ ಕೆಲಸ ಶುರುವಾಗುವುದೇ ಅಲ್ಲಿಂದ. ಮಂಡಿ ಎಷ್ಟು ಬಗ್ಗಬೇಕು, ಅಂಗೈ ಎಲ್ಲಿ ನೀರು ಹಿಡಿಯಬೇಕು, ಉಸಿರಿಗೆ ಗದ್ದ ಎಷ್ಟು ಎತ್ತಿದರೆ ಸೊಂಟ ಕುಸಿಯುತ್ತದೆ, ಇದೇ ಪಾಠ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟೆಲ್ಲ ತಿದ್ದಿದ ಮೇಲೆ ಎಸ್ಸೆಸ್ಸೆಲ್ಸಿ ಬರುತ್ತದೆ, ಪಿಯುಸಿ ಬರುತ್ತದೆ. ಬೆಳಗಿನ ಈಜಿನ ಹೊತ್ತನ್ನು ಟ್ಯೂಷನ್ ನುಂಗುತ್ತದೆ. ಹದಿನೇಳರ ಹುಡುಗಿ ಕೊಳ ಬಿಟ್ಟು ಹೋಗುತ್ತಾಳೆ. ಕೋಚ್ ಎಂಟು ವರ್ಷದ ಇನ್ನೊಂದು ಮಗುವಿನ ಕಾಲಿನ ಬಡಿತ ತಿದ್ದಲು ಕೂರುತ್ತಾರೆ. ಎದುರಾಳಿ ಪಕ್ಕದ ಲೇನಿನಲ್ಲಿಲ್ಲ, ಪರೀಕ್ಷೆಯ ವೇಳಾಪಟ್ಟಿಯಲ್ಲಿದ್ದಾನೆ.

ಸಜನ್ ಉಳಿದರು. ಉಳಿದವರಿಗೂ ದಾರಿ ಸಲೀಸಾಗಿರಲಿಲ್ಲ. ಕತ್ತಿನ ಡಿಸ್ಕ್ ಕಾಡಿತು. 2020ರಲ್ಲಿ ಕೊರೊನಾ ಬಂದು ಕೊಳಗಳೇ ಮುಚ್ಚಿದವು. ಅವರು ಥಾಯ್ಲೆಂಡಿನಲ್ಲಿ ಸಿಕ್ಕಿಕೊಂಡರು. ಆ ಹೊತ್ತಿಗೆ ಪ್ರದೀಪ್ ದುಬೈಯಲ್ಲಿದ್ದರು. ಸಜನ್ ಅಲ್ಲಿಗೇ ಹೋಗಿ ಹಳೆಯ ಕೋಚ್ ಎದುರು ಮತ್ತೆ ನೀರಿಗಿಳಿದರು.

ರೋಮ್‌ನಲ್ಲಿ ಮೂರನೇ ತಿರುವು ಮುಗಿದಿದೆ. ಕೊನೆಯ ಐವತ್ತು ಮೀಟರ್. ಬಟರ್‌ಫ್ಲೈ ತನ್ನ ಸಾಲ ವಸೂಲಿ ಮಾಡುವುದು ಇಲ್ಲೇ: ಭುಜ ಏಳಲೊಲ್ಲದು, ಸೊಂಟ ತಗ್ಗುತ್ತದೆ, ತೋಳು ನೀರು ಬಿಟ್ಟು ಮೇಲೆ ಬರುವುದೇ ಕಷ್ಟ. ನಿಮಗೆ ಕಾಣುವುದು ನೊರೆ ಮಾತ್ರ. ಎರಡೂ ಕೈ ಗೋಡೆಗೆ ಬಡಿದವು. ಫಲಕ ನೋಡಿ: 1 ನಿಮಿಷ 56.38 ಸೆಕೆಂಡ್.

ಗೆರೆಗಿಂತ 0.10 ಸೆಕೆಂಡ್ ಮುಂಚೆ. ಆ ವೇಗದಲ್ಲಿ ಇದು ಸುಮಾರು 17 ಸೆಂಟಿಮೀಟರ್. 200 ಮೀಟರ್ ಈಜಿದ ಮೇಲೆ ಉಳಿದ ಅಂತರ ಒಂದು ಗೇಣಿಗೂ ಕಡಿಮೆ. ರಿಯೊದಿಂದ ಇಲ್ಲಿಗೆ ಇಳಿದದ್ದು 2.99 ಸೆಕೆಂಡ್, ಹಿಡಿದದ್ದು ಐದು ವರ್ಷ.

ಮರುದಿನ ಇದೇ ಕೊಳದಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸುತ್ತಾರೆ. ಗೆರೆ ಇದ್ದದ್ದು 53.85ಕ್ಕೆ. ಅವರ ಕೋಚ್ ನಿಹಾರ್ ಅಮೀನ್, ಪ್ರದೀಪ್ ಅವರಿಗಿಂತ ಒಂದು ವರ್ಷ ಮುಂಚೆ, 2015ರಲ್ಲಿ, ದ್ರೋಣಾಚಾರ್ಯ ಪಡೆದವರು. ಬೆಂಗಳೂರಿನ ಕೊಳಗಳ ಅಂಚಿನಲ್ಲಿ ನಡೆದು ನಡೆದು ಚಪ್ಪಲಿ ಸವೆಸಿದ ಇಬ್ಬರು. ಇಬ್ಬರ ಶಿಷ್ಯರೂ ಎರಡೇ ದಿನದಲ್ಲಿ ದೇಶ ಅದುವರೆಗೆ ದಾಟಿರದ ಗೆರೆ ದಾಟಿದರು. ತೇಲುವುದನ್ನು ಕಲಿಸುವ ಮಾವಂದಿರು ಊರೂರಿನ ಬಾವಿಗಳಲ್ಲಿದ್ದಾರೆ. ಕೊನೆಯ ಗೇಣು ಬೇಕಾದರೆ ಒಂದು ಕೊಳ ಬೇಕು, ಜೊತೆಗೆ ಪಿಯುಸಿ ಆಚೆಗೂ ಮಗುವನ್ನು ನೀರಿನಲ್ಲಿ ಉಳಿಸಿಕೊಳ್ಳಬಲ್ಲ ಕೋಚ್ ಬೇಕು.