ನಾನು ಹೊತ್ತು ಹಾಕಿದ ಮಣ್ಣು

ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಬಂಧುಗಳು ಕೇಳಿದಾಗ ಶಾಲೆಯ ಸವಿನೆನಪುಗಳನ್ನು ಬರೆಯಬೇಕೆಂದೇ ಕುಳಿತೆ. ಆದರೆ ನಮ್ಮನ್ನು ಸಲಹಿದ ಪ್ರಸಾದ ನಿಲಯದ ದಪ್ಪನೆಯ ಕಲ್ಲುಗೋಡೆಗಳು ಕಣ್ಣ ಮುಂದೆ ಬಂದೊಡನೆ ಲೇಖನಿ ಬೇರೊಂದು ದಾರಿಯನ್ನು ಹಿಡಿಯಿತು.

ನಮ್ಮದು ಬೀದರ ಜಿಲ್ಲೆಯ ಗಡಿಭಾಗದ ಹಳ್ಳಿ. ಅಂದಿನ ಮನೆಗಳೆಲ್ಲ ಕಲ್ಲುಗೋಡೆಯ ಮೇಲೆ ಜಂತಿ ಹಾಸಿ ಮಣ್ಣು ಹರವಿದ ಮಾಳಿಗೆಯವು. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ, ಮಳೆಗಾಲಕ್ಕೆ ಮುನ್ನ ಕರಲುಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮಾಳಿಗೆಗೆ ಏರಿಸುವುದು ನನ್ನ ಪಾಲಿನ ಕೆಲಸ. ಮಣ್ಣು ದಪ್ಪವಾದಷ್ಟೂ ಮನೆ ತಂಪು, ಸೋರುವ ಭಯವಿಲ್ಲ ಎಂದು ತಂದೆಯವರು ಹೇಳುತ್ತಿದ್ದರು. ಹಳೆಯ ಮಣ್ಣನ್ನು ಇಳಿಸಿದ್ದನ್ನು ನಾನು ಕಾಣೆ. ಹೊಸದು ಮಾತ್ರ ವರ್ಷವರ್ಷವೂ ಏರುತ್ತಿತ್ತು.

ಮುಂದೆ ನಾನು ಭೂಗೋಳದ ಶಿಕ್ಷಕನಾದೆ. ದಖ್ಖನ್ ಪ್ರಸ್ಥಭೂಮಿಯ ಶಿಲೆ ಪುರಾತನವಾದುದು, ಗಟ್ಟಿಯಾದುದು. ನಮಗೆ ಭೂಕಂಪದ ಭಯವಿಲ್ಲವೆಂದು ಮಕ್ಕಳಿಗೆ ಧೈರ್ಯವಾಗಿ ಬೋಧಿಸಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಆ ಪಾಠ ಸುಳ್ಳಾಯಿತು. ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ, ನೆಲದೊಳಗೆ ಅಡಗಿದ್ದ ಸ್ತರಭಂಗವೊಂದು ಜಾರಿ, 6.2 ಪ್ರಮಾಣದ ಭೂಕಂಪವಾಯಿತು. ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಜನ ಮತ್ತೆ ಏಳಲಿಲ್ಲ. ಮೃತರ ಸಂಖ್ಯೆಯನ್ನು 8,000ದಿಂದ 10,000ದವರೆಗೆ ಹೇಳುತ್ತಾರೆ.

ಧಾನ್ಯ, ಬಟ್ಟೆಗಳ ಲಾರಿಯೊಡನೆ ನಾನೂ ಅಲ್ಲಿಗೆ ಹೋದೆ. ಊರು ಇದ್ದಲ್ಲಿ ಕಲ್ಲು ಮಣ್ಣುಗಳ ದಿಬ್ಬಗಳಿದ್ದವು. ಒಂದು ದಿಬ್ಬದ ಮೇಲಿನ ಮಣ್ಣನ್ನು ಕೈಗೆತ್ತಿಕೊಂಡೆ. ನನ್ನ ತಲೆಯ ಮೇಲೆ ಹೊತ್ತ ಮಣ್ಣೂ ಅಂಥದೇ ಆಗಿತ್ತು. ಮಳೆ ಬಿಸಿಲುಗಳಿಂದ ಕಾಯಲೆಂದು ಪೇರಿಸಿದ ಭಾರವೇ ಮನೆಯವರ ಮೇಲೆ ಕುಸಿದಿತ್ತು.

ಗೋಡೆಗಳೂ ನಮ್ಮವಂಥವೇ. ನೋಡಲು ಎರಡು ಮೂರು ಅಡಿ ದಪ್ಪ. ಆದರೆ ಒಳಗೆ ಅವು ಎರಡು ಗೋಡೆ. ಹೊರಮೈಗೊಂದು ಸಾಲು, ಒಳಮೈಗೊಂದು ಸಾಲು ಕಲ್ಲು. ನಡುವೆ ಚೂರುಗಲ್ಲು, ಮಣ್ಣು. ಗೋಡೆಯ ಪೂರ್ಣ ದಪ್ಪಕ್ಕೆ ಹಾಯುವ ಉದ್ದಗಲ್ಲುಗಳಿಲ್ಲದ ಕಡೆ, ನೆಲ ಅಲುಗಿದೊಡನೆ ಎರಡು ಮೈಗಳೂ ಬೇರ್ಪಟ್ಟು ಉಬ್ಬಿ ಉರುಳಿದವು. ಹಗುರವಾದ ಹುಲ್ಲಿನ ಗುಡಿಸಲುಗಳಲ್ಲಿದ್ದ ಬಡವರು ಅನೇಕರು ಬದುಕಿ ಉಳಿದರು.

ಕಿಲ್ಲಾರಿಯಲ್ಲಿ 1992ರಲ್ಲಿಯೇ ಸಣ್ಣ ಕಂಪನಗಳಾಗಿದ್ದವು. ಆದರೂ ಅಂದಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣದಲ್ಲಿ ಆ ವಲಯವನ್ನೇ ಕೈಬಿಡಲಾಯಿತು. ಸಂಪೂರ್ಣ ನಿರ್ಭಯವಾದ ನೆಲವೆಂಬುದು ಇಲ್ಲವೆಂದೇ ಇದರ ಅರ್ಥವೆಂದು ನಾನು ತಿಳಿದಿದ್ದೇನೆ.

ಊರಿಗೆ ಮರಳಿದವನೇ ಮಾಳಿಗೆಯ ಮಣ್ಣನ್ನು ಇಳಿಸತೊಡಗಿದೆ. ತಂದೆಯವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು, ಬೇಡವೆನ್ನಲಿಲ್ಲ.

ಈಗ ನಮ್ಮ ಪ್ರಸಾದ ನಿಲಯದ ಮೇಲೆ ಇನ್ನೊಂದು ಮಹಡಿ ಕಟ್ಟಿಸುವ ಸಂಕಲ್ಪವಾಗಿದೆಯೆಂದು ಕೇಳಿದ್ದೇನೆ. ಸಂತೋಷದ ಸಂಗತಿಯೇ. ಆದರೆ ಕೆಳಗಿನ ಗೋಡೆಗಳು ಮಣ್ಣಿನ ಗಾರೆಯವು. ಮೊದಲು ಅನುಭವಿ ಅಭಿಯಂತರರಿಂದ ಅವುಗಳನ್ನು ಪರೀಕ್ಷಿಸಬೇಕು. ಅಲ್ಲಲ್ಲಿ ರಂಧ್ರ ತೆಗೆದು, ಸರಳಿಟ್ಟು, ಕಾಂಕ್ರೀಟು ತುಂಬಿ ಎರಡು ಮೈಗಳನ್ನು ಬಂಧಿಸಬಹುದು. ಬಾಗಿಲು ಕಿಟಕಿಗಳ ಮೇಲೆ ಸುತ್ತಲೂ ಸರಳಿನ ಪಟ್ಟಿ ಕಟ್ಟಿ ಗೋಡೆಗಳೆಲ್ಲವನ್ನೂ ಒಂದಾಗಿ ಹಿಡಿಸಬಹುದು. ಈ ಗೋಡೆಗಳು ಇನ್ನೊಂದು ಮಹಡಿಯನ್ನು ಹೊರಲಾರವೆಂದು ಅವರು ಹೇಳಿದರೆ, ಅದನ್ನೂ ಒಪ್ಪಿಕೊಳ್ಳಬೇಕು.

ಇಂಥ ಕೆಲಸ ಗಿಲಾವಿನ ಒಳಗೆ ಮರೆಯಾಗುತ್ತದೆ. ಅದರ ಮೇಲೆ ದಾನಿಗಳ ಹೆಸರಿನ ಶಿಲಾಫಲಕ ನಿಲ್ಲುವುದಿಲ್ಲ. ಆದರೂ ಬೆಳಗಿನ ಜಾವದ ಆ ಹೊತ್ತಿನಲ್ಲಿ ನೂರಾರು ಮಕ್ಕಳು ಅದರ ಕೆಳಗೆ ನಿಶ್ಚಿಂತೆಯಿಂದ ಮಲಗಿರುತ್ತಾರೆ. ನನ್ನ ಅಳಿಲಸೇವೆಯ ಹಣವನ್ನು ಕಾಣದ ಆ ಕೆಲಸಕ್ಕೇ ಬಳಸಬೇಕೆಂದು ಈ ಹಳೆಯ ವಿದ್ಯಾರ್ಥಿಯ ವಿನಮ್ರ ಬಿನ್ನಹ.