ಸೂಟಿಯ ಊರು

ಪರದೇಶದಿಂದ ಬಂದವರನ್ನು ಕಂಡೊಡನೆ ನಮ್ಮ ಧಾರವಾಡದ ಕಡೆಯ ಜನ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಮೊದಲನೆಯದು, "ಯಾವಾಗ ಬಂದಿ?" ಎರಡನೆಯದು, "ಮತ್ತ ಯಾವಾಗ ಹೋಗ್ತಿ?" ಇವೆರಡರ ನಡುವೆ ಚಹದ ಕಪ್ಪು ಕೈಗೆ ಬರುವಷ್ಟು ಬಿಡುವೂ ಇರುವುದಿಲ್ಲ. ಕೇಳುವವರ ಮನಸ್ಸಿನಲ್ಲಿ ಕಿಂಚಿತ್ತೂ ಕಹಿಯಿಲ್ಲವೆಂಬುದು ನನಗೆ ಗೊತ್ತು. ಆದರೂ ಬಾಗಿಲಲ್ಲಿ ಚಪ್ಪಲಿ ಕಳಚುವ ಮುನ್ನವೇ ಹೊರಡುವ ದಿನವನ್ನು ನೆನಪಿಸಿದರೆ ಯಾರ ಎದೆ ತಾನೆ ಚುಳ್ಳೆನ್ನದು?

ನಾನು ಹುಟ್ಟಿ ಬೆಳೆದದ್ದು ಧಾರವಾಡದ ಮಗ್ಗುಲಿನ ಲಕಮನಹಳ್ಳಿಯಲ್ಲಿ. ಇಂದು ಆ ಹೆಸರು ಹೇಳಿದರೆ ಜನರಿಗೆ ಕೈಗಾರಿಕಾ ವಸಾಹತು, ಹಾಲಿನ ಡೇರಿ ನೆನಪಾಗುತ್ತವೆ. ಪುಣೆ-ಬೆಂಗಳೂರು ರಸ್ತೆಯ ಮೇಲೆ 'ಚಿಗರಿ' ಬಸ್ಸುಗಳು ಹೆಸರಿಗೆ ತಕ್ಕಂತೆ ಓಡುತ್ತವೆ. ನನ್ನ ಬಾಲ್ಯದಲ್ಲಿ ಅದು ಹೊಲಗಳ ನಡುವಿನ ಹಳ್ಳಿ. ಹುಬ್ಬಳ್ಳಿ ಧಾರವಾಡಗಳೆರಡಕ್ಕೂ ಕೂಡಿ ಒಂದೇ ನಗರಪಾಲಿಕೆಯಾದದ್ದು 1962ರಲ್ಲಿ. ಆದರೆ ನಮ್ಮ ಓಣಿಯ ಎಮ್ಮೆಗಳಿಗೆ ಆ ಸುದ್ದಿ ಬಹಳ ವರ್ಷ ಮುಟ್ಟಲಿಲ್ಲ.

ಅಪ್ಪ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಸುಕಿನಲ್ಲಿ ಸೈಕಲ್ಲೇರಿ ನವಲೂರು ನಿಲ್ದಾಣಕ್ಕೆ ಹೋಗಿ, ಅಲ್ಲಿ ಗಾಡಿ ಹಿಡಿಯುವರು. ಸಂಬಳ ಹೇಳಿಕೊಳ್ಳುವಂಥದಲ್ಲ. ಆದರೆ ಊರಿನ ದೊಡ್ಡ ಒಕ್ಕಲಿಗರಿಗೂ ಇಲ್ಲದ ಒಂದು ಐಶ್ವರ್ಯ ನಮ್ಮ ಮನೆಯಲ್ಲಿತ್ತು. ಅದು ರೈಲಿನ ಪಾಸು. ಮೇ ತಿಂಗಳ ಸೂಟಿ ಬಂತೆಂದರೆ ಅಪ್ಪ ಆ ಕಾಗದವನ್ನು ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು, ಮಹಾರಾಜರು ಸನದು ಕೊಡುವ ಗತ್ತಿನಲ್ಲಿ, "ಈ ವರ್ಷ ಎಲ್ಲಿಗೆ ಹೋಗೋಣು?" ಎಂದು ಕೇಳುತ್ತಿದ್ದರು. ಅಣ್ಣ, ನಾನು, ತಂಗಿ, ಮೂವರೂ ಮೂರು ದಿಕ್ಕಿನ ಊರುಗಳನ್ನು ಕೂಗುತ್ತಿದ್ದೆವು. ಅವ್ವ ಏನನ್ನೂ ಕೂಗುತ್ತಿರಲಿಲ್ಲ. ಅವಳಿಗೆ ರೊಟ್ಟಿ ಬಡಿಯುವುದಿರುತ್ತಿತ್ತು.

ಪ್ರವಾಸವೆಂದರೆ ಮೊದಲು ಬುತ್ತಿ. ಎರಡು ದಿನ ಮುಂಚಿನಿಂದಲೇ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ. ಹೊರಡುವ ದಿನ ಎಣ್ಣೆಗಾಯಿ, ಮೊಸರು ಬುತ್ತಿ. ತಿರುಪಿನ ಮುಚ್ಚಳದ ಹಿತ್ತಾಳೆ ತಂಬಿಗೆಯಲ್ಲಿ ನೀರು. ಹಸಿರು ಟ್ರಂಕಿನ ಮೇಲೆ ಹಾಸಿಗೆಯ ಸುರುಳಿ. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಕಿಟಕಿಯ ಜಾಗಕ್ಕಾಗಿ ನಮ್ಮ ಮೂವರ ಯುದ್ಧ. ಇಂಜಿನ್ನಿನ ಇದ್ದಲಿನ ಕಣ ಕಣ್ಣಿಗೆ ಬಿದ್ದು ಅಳುವುದು ಕೂಡ ಆ ಸುಖದ ಒಂದು ಭಾಗವೇ ಆಗಿತ್ತು.

1965ರ ಮೇ ತಿಂಗಳಲ್ಲಿ ಗೋವೆಗೆ ಹೋದೆವು. ಪೋರ್ತುಗೀಜರು ಅಲ್ಲಿಂದ ಕಾಲ್ತೆಗೆದು ನಾಲ್ಕು ವರ್ಷ ಕೂಡ ಆಗಿರಲಿಲ್ಲ. ಲೋಂಡಾ ದಾಟಿ, ಹಿಂದೆ ಗಡಿಯ ನಿಲ್ದಾಣವಾಗಿದ್ದ ಕ್ಯಾಸಲ್‌ರಾಕ್ ದಾಟಿ, ಗಾಡಿ ಘಟ್ಟ ಇಳಿಯತೊಡಗಿದಾಗ ಅಪ್ಪ ಎದ್ದು ನಿಂತು, "ಈಗ ನೋಡ್ರಿ, ದೂಧಸಾಗರ! ಹಾಲಿನ ಸಮುದ್ರ!" ಎಂದು ಸಾರಿದರು. ನಾವು ಕಿಟಕಿಯಿಂದ ಕೊರಳು ಚಾಚಿದೆವು. ಕಡು ಬೇಸಿಗೆ, ಕರಿಯ ಬಂಡೆಯ ಮೇಲೆ ನೂಲಿನೆಳೆಯಂಥ ನೀರು. ಅಣ್ಣ ತಟ್ಟನೆ, "ಅಪ್ಪಾ, ಈ ಎಮ್ಮಿ ಹಾಲು ಬತ್ತಿಸೇತಲ್ಲ!" ಎಂದ. ಡಬ್ಬಿಗೆ ಡಬ್ಬಿಯೇ ನಕ್ಕಿತು. ಅಪ್ಪನೂ ನಕ್ಕು, "ಮಳಿಗಾಲದಾಗ ಬರೋಣು" ಎಂದರು. ಮಳೆಗಾಲದಲ್ಲಿ ಸಾಲೆ ಇರುತ್ತದೆಂಬುದು ಅವರಿಗೂ ಗೊತ್ತಿತ್ತು.

ಮೊದಲ ಸಲ ಸಮುದ್ರ ಕಂಡ ಆ ಸಂಜೆಯ ಸಂಭ್ರಮವನ್ನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಆದರೆ ಅವ್ವ ಆಗ ಎಲ್ಲಿದ್ದಳೆಂದು ನೆನೆಸಿಕೊಳ್ಳಲು ನನಗೆ ಬಹಳ ವರ್ಷಗಳು ಬೇಕಾದವು. ಅವಳು ಉಸುಕಿನ ಮೇಲೆ ಸಮುದ್ರಕ್ಕೆ ಬೆನ್ನು ಮಾಡಿ ಕುಳಿತು, ಟ್ರಂಕು ಮತ್ತು ನಮ್ಮ ಅರಿವೆಗಳನ್ನು ಕಾಯುತ್ತಿದ್ದಳು.

ಮರುವರ್ಷ, 1966ರಲ್ಲಿ, ವಿಜಾಪುರದ ಸರದಿ. ಗದಗಿನ ಮೇಲೆ ಹಾಯ್ದು ಬಾದಾಮಿ, ಬಾಗಲಕೋಟೆಗಳ ಮೂಲಕ ಹೋಗುವ ದಾರಿ. ಹುಬ್ಬಳ್ಳಿ ಬಿಟ್ಟು ಗದಗು ಮುಟ್ಟುವ ಮುನ್ನ ಅಣ್ಣಿಗೇರಿ ಎಂಬ ನಿಲ್ದಾಣ ಬರುತ್ತದೆ. ಅದು ಅವ್ವನ ತವರು. ಹುಬ್ಬಳ್ಳಿಯಿಂದ ಮೂವತ್ತು ಮೈಲಿಯೊಳಗಿನ ಊರು. ಅವ್ವ ವಾರ ಮುಂಚೆಯೇ ಕಾರ್ಡು ಬರೆಸಿದ್ದಳೆಂದು ಕಾಣುತ್ತದೆ. ಗಾಡಿ ನಿಂತಾಗ ಫಲಾಟಿನ ಮೇಲೆ ಅಜ್ಜಿ ನಿಂತಿದ್ದಳು. ಕೈಯಲ್ಲಿ ಬಿಳಿಯ ಅರಿವೆಯ ಗಂಟು. ಎರಡೋ ಮೂರೋ ನಿಮಿಷದ ನಿಲುಗಡೆ. ಅಜ್ಜಿ ಕಿಟಕಿಯೊಳಗಿಂದ ಗಂಟು ತೂರಿಸಿ, ಅವ್ವನ ಕೈ ಹಿಡಿದುಕೊಂಡು ನಿಂತಳು. ಇಬ್ಬರೂ ಏನು ಮಾತಾಡಿದರೋ ನಾನು ಕೇಳಲಿಲ್ಲ. ಗಂಟಿನಲ್ಲಿ ಶೇಂಗಾ ಉಂಡಿಗಳಿದ್ದವು, ನಾವು ಅವನ್ನು ಹಂಚಿಕೊಳ್ಳುವ ಗದ್ದಲದಲ್ಲಿದ್ದೆವು. ಗಾಡಿ ಹೊರಟಿತು. ಅಜ್ಜಿ ಕೈ ಬಿಡದೆ ನಾಲ್ಕು ಹೆಜ್ಜೆ ಜೊತೆಗೇ ನಡೆದಳು. ಆಮೇಲೆ ಬಿಟ್ಟಳು.

ವಿಜಾಪುರದಲ್ಲಿ ಗೋಲಗುಂಬಜ ಏರಿದೆವು. ಮುಹಮ್ಮದ ಆದಿಲ ಶಾಹನ ಆ ಗೋರಿ 1656ರಲ್ಲಿ ಮುಗಿಯಿತೆಂದು ಅಪ್ಪ ಪಾಠ ಒಪ್ಪಿಸುತ್ತಿದ್ದರೆ, ನಾವು ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ನಮ್ಮ ನಮ್ಮ ಹೆಸರು ಕೂಗಿ ಪ್ರತಿಧ್ವನಿ ಎಣಿಸುತ್ತಿದ್ದೆವು. "ನೀನೂ ಏನರ ಕೂಗ" ಎಂದು ಅಪ್ಪ ಅವ್ವನಿಗೆ ಹೇಳಿದರು. ಅವಳು ನಾಚಿ, ಸೆರಗನ್ನು ಬಾಯಿಗೆ ಹಿಡಿದು, ಕಡೆಗೆ ಮೆಲ್ಲಗೆ "ಅವ್ವಾ" ಎಂದಳು. ಆ ಗುಮ್ಮಟ ಅದನ್ನು ಮತ್ತೆ ಮತ್ತೆ ಹೇಳಿತು. ನಮಗೆ ನಗೆ ತಡೆಯಲಾಗಲಿಲ್ಲ: ನಮ್ಮ ಅವ್ವ ತನ್ನ ಅವ್ವನನ್ನು ಕರೆಯುತ್ತಾಳೆ!

ನನ್ನ ಬಾಲ್ಯದ ಸೂಟಿಗಳು ಹೀಗಿದ್ದವು. ನನ್ನ ಪಾಲಿಗೆ ಅವು ಬಂಗಾರದ ದಿನಗಳು. ಅವುಗಳಲ್ಲಿ ಒಂದು ಗೆರೆಯಷ್ಟು ಕಂದು ಇದ್ದೀತೆಂದು ನನಗೆ ಹೊಳೆದಿರಲಿಲ್ಲ.

ನನ್ನ ಲಗ್ನವಾದದ್ದು ಹುಬ್ಬಳ್ಳಿಯ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಓದಿದ ಡಾಕ್ಟರರೊಡನೆ. 1978ರಲ್ಲಿ ಇಬ್ಬರೂ ಇಂಗ್ಲಂಡಿಗೆ ಹೋದೆವು. ಮೂರು ವರ್ಷಕ್ಕೆಂದು ಹೋದವರು ಲೆಸ್ಟರ್ ನಗರದಲ್ಲೇ ನೆಲೆಸಿದೆವು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಆದರೆ ಒಂದು ಭಾಗ್ಯವಿತ್ತು. 1972ರಲ್ಲಿ ಯುಗಾಂಡದಿಂದ ಹೊರಹಾಕಲ್ಪಟ್ಟ ಗುಜರಾತಿಗಳು ಬಹಳ ಮಂದಿ ಆ ಊರಿಗೆ ಬಂದು ಬೆಲ್‌ಗ್ರೇವ್ ರಸ್ತೆಯಲ್ಲಿ ಅಂಗಡಿ ಹಾಕಿದ್ದರು. ಅವರಲ್ಲಿ ಜೋಳದ ಹಿಟ್ಟು ಸಿಗುತ್ತಿತ್ತು. ಮೊದಲ ಸಲ ಆ ಹಿಟ್ಟು ತಂದು ರೊಟ್ಟಿ ಬಡಿದಾಗ ಅದು ಹರಿದು ಮೂರು ಚೂರಾಯಿತು. ಆ ಚೂರುಗಳನ್ನೇ ಇಬ್ಬರೂ ಹಬ್ಬವೆಂಬಂತೆ ಉಂಡೆವು. 1983ರಲ್ಲಿ ಅಲ್ಲಿಯ ಕನ್ನಡಿಗರು 'ಕನ್ನಡ ಬಳಗ' ಕಟ್ಟಿಕೊಂಡ ಮೇಲೆ ಯುಗಾದಿ ದೀಪಾವಳಿಗಳಿಗೆ ನಮ್ಮ ಮಾತು ಕಿವಿಗೆ ಬೀಳತೊಡಗಿತು.

ಊರಿನ ಪತ್ರ ಬರಲು ಎಂಟು ಹತ್ತು ದಿನ. ಲಕಮನಹಳ್ಳಿಯ ನಮ್ಮ ಮನೆಗೆ ಫೋನು ಬಂದದ್ದು ಎಷ್ಟೋ ವರ್ಷಗಳ ಮೇಲೆ. ವಿಮಾನದ ಟಿಕೀಟಿಗೆ ದುಡ್ಡು ಕೂಡಿಸಿ, ಇಬ್ಬರ ರಜೆ ಹೊಂದಿಸಿ, ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದೆವು. ಹದಿನೆಂಟು ದಿನ, ಹೆಚ್ಚೆಂದರೆ ಇಪ್ಪತ್ತು. ಅದರಲ್ಲಿ ಅತ್ತೆಯವರ ಮನೆಗೆ ಅರ್ಧ, ಮದುವೆ ಮುಂಜಿವೆಗಳಿಗೆ ನಾಲ್ಕು ದಿನ. ಉಳಿದದ್ದು ಅವ್ವನ ಪಾಲು. ಚಿಕ್ಕಂದಿನಲ್ಲಿ ಸೂಟಿಯೆಂದರೆ ಮನೆ ಬಿಟ್ಟು ಹೋಗುವುದು, ಅದು ಮುಗಿಯಿತೆಂದರೆ ಮನೆಗೆ ಮರಳುವುದು. ಈಗ ಅದು ತಿರುವುಮುರುವಾಗಿತ್ತು. ಹುಟ್ಟಿದ ಮನೆಯೇ ಸೂಟಿಯ ಊರಾಗಿ, ಅಲ್ಲಿಂದ ಹೊರಡುವುದೇ ಮರಳುವುದೆನಿಸಿಕೊಂಡಿತು.

1999ರ ಡಿಸೆಂಬರಿನಲ್ಲಿ ಬಂದಾಗ ಮಗಳಿಗೆ ಹದಿನೈದು, ಮಗನಿಗೆ ಹನ್ನೆರಡು. ಅಪ್ಪ ತೀರಿಹೋಗಿದ್ದರು, ಅವ್ವ ಅಣ್ಣನ ಸಂಸಾರದೊಡನೆ ಅದೇ ಮನೆಯಲ್ಲಿದ್ದಳು. 2000ದ ಹೊಸ ವರ್ಷವನ್ನು ಗೋವೆಯ ಸಮುದ್ರದ ದಂಡೆಯಲ್ಲಿ ಕಾಣಬೇಕೆಂದು ಮಕ್ಕಳ ಹಟ. ಎಲ್ಲ ಗೊತ್ತುಮಾಡಿಯೂ ಆಗಿತ್ತು. ಒಂದು ಮಧ್ಯಾಹ್ನ ಅವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಓಣಿಯ ಹೆಣ್ಣುಮಗಳೊಬ್ಬಳು ಬಂದು ಆ ಎರಡೂ ಪ್ರಶ್ನೆ ಕೇಳಿ ಹೋದಳು. ನಾನು ಸಿಡುಕಿ, "ಬಂದ ಕೂಡ್ಲೆ ಹೋಗೂದನ್ನ ಕೇಳ್ತಾರಲ್ಲಬೇ!" ಎಂದೆ.

ಅವ್ವ ನಕ್ಕಳು. "ಕೇಳ್ಲಿ ಬಿಡ. ನೀ ಎಷ್ಟ ದಿನಾ ಇರ್ತಿ ಅಂತ ಎಣಿಸಾಕ ಕೇಳ್ತಾರ. ಕಳಿಸಾಕ ಅಲ್ಲ." ಮತ್ತೆರಡು ಕಾಯಿ ಸುಲಿದು ಅಂದಳು: "ಹೆಣ್ಣಮಕ್ಕಳಿಗೆ ತವರಮನಿ ಯಾವತ್ತಿದ್ರೂ ಸೂಟೀನ. ನಿನಗ ಇಂಗ್ಲಂಡ ದೂರ. ನನಗ ಅಣ್ಣಿಗೇರಿನ ಇಂಗ್ಲಂಡ ಆಗಿತ್ತ ನೋಡ."

ನನಗೆ ಅರ್ಥವಾಗಲಿಲ್ಲ. ಕೇಳಿದ ಮೇಲೆ ಒಂದೊಂದೇ ಮಾತು ಬಂತು. ಲಗ್ನದ ಮೊದಲ ವರ್ಷಗಳಲ್ಲಿ ಅವಳು ಮೇ ತಿಂಗಳಲ್ಲಿ ತವರಿಗೆ ಹೋಗಿ ಮೂರು ವಾರ ಇದ್ದು ಬರುತ್ತಿದ್ದಳು. ನಾವು ಸಾಲೆಗೆ ಹೋಗುವಂತಾದ ಮೇಲೆ ಅಪ್ಪ ಪಾಸು ತೆಗೆಯಲಾರಂಭಿಸಿದರು. ಅವರ ರಜೆಯೂ ನಮ್ಮ ಸೂಟಿಯೂ ಕೂಡುವ ದಿನಗಳು ಅವೇ. "ಅಣ್ಣಿಗೇರಿ ಎಲ್ಲಿ ಓಡಿ ಹೋಗತೈತಿ? ಪಾಸು ದೂರದ ಊರಿಗೇ ಚಂದ" ಎನ್ನುವರು. ಪಂಚಮಿಗೆ ಮಾವ ಕರೆಯಲು ಬಂದರೂ ನಮ್ಮ ಸಾಲೆ, ಮನೆಯ ಹೈನ. ಎರಡನೆಯ ದಿನವೇ ಅವಳು ಮರಳಬೇಕು. ಹೀಗೆ ಹನ್ನೊಂದು ಬೇಸಿಗೆ. ಆ ನಡುವೆ ಅಜ್ಜಿ ತೀರಿಕೊಂಡಳು. ಹಾಗಾದರೆ ಅಣ್ಣಿಗೇರಿಯ ಫಲಾಟಿನ ಮೇಲೆ ನಾನು ಕಂಡದ್ದು, ಆ ಇಡೀ ವರ್ಷಕ್ಕೆ ಅವ್ವನಿಗೆ ಸಿಕ್ಕ ತವರು!

"ಯಾಕ ಹೇಳಲಿಲ್ಲಬೇ ಅಪ್ಪಗ?"

"ಹೇಳಿದ್ರ ಅವರು ಒಲ್ಲೆ ಅಂತಿರಲಿಲ್ಲ. ಆದ್ರ ನಿಮ್ಮ ಸೂಟಿ ಕೆಡತಿತ್ತು. ಅವರಿಗೂ ಮಕ್ಕಳಿಗೆ ಜಗತ್ತ ತೋರ್ಸೂದು ಅಂದ್ರ ಬಾಳ ಹೌಸು." ಇಷ್ಟು ಹೇಳಿ ಅವಳು ಸಿಪ್ಪೆ ಕೊಡವಿಕೊಂಡು ಎದ್ದಳು. ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ರಾತ್ರಿ ಯಜಮಾನರೊಡನೆ ಮಾತಾಡಿದೆ. ಅವರು ಮಕ್ಕಳನ್ನು ಕರೆದುಕೊಂಡು ಗೋವೆಗೆ ಹೋದರು. ನಾನು ಅವ್ವನನ್ನು ಕರೆದುಕೊಂಡು ಅಣ್ಣಿಗೇರಿಗೆ. ಅಷ್ಟರಲ್ಲಿ ಆ ಮಾರ್ಗದ ಸಣ್ಣ ಹಳಿಗಳು ಹೋಗಿ ಅಗಲ ಹಳಿ ಬಂದಿದ್ದವು. ಅವ್ವನಿಗೆ ಕಿಟಕಿಯ ಜಾಗ ಹಿಡಿದುಕೊಟ್ಟೆ. ಎಪ್ಪತ್ತರ ಹತ್ತಿರದ ಅವಳು ಅದರ ಸರಳು ಹಿಡಿದು, ಕರಿ ಎರೆಯ ಹೊಲಗಳನ್ನು ರೆಪ್ಪೆ ಬಡಿಯದೆ ನೋಡುತ್ತ ಕುಳಿತಳು.

ಮಾವಂದಿರ ಮಕ್ಕಳು ನಮ್ಮನ್ನು ತಲೆಯ ಮೇಲೆ ಹೊತ್ತುಕೊಂಡರು. ಅವ್ವ ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿಗೆ ಹೋಗಿ, ತಾನು ಹುಡುಗಿಯಾಗಿದ್ದಾಗ ಒರಗಿ ಕೂಡುತ್ತಿದ್ದ ಕಂಬವನ್ನು ತೋರಿಸಿದಳು. ಹೊಲಕ್ಕೆ ಹೋಗಿ ಕಡಲೆಯ ಸುಲಗಾಯಿ ತಿಂದಳು. ಉಳಿದ ಹೊತ್ತೆಲ್ಲ ಪಡಸಾಲೆಯಲ್ಲಿ ಮಲಗಿದಳು. ಅವ್ವ ಹಗಲು ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಯಾರೂ ಅವಳಿಗೆ ನೀರು ಕೇಳಲಿಲ್ಲ; ಅವಳು ಯಾರ ಟ್ರಂಕನ್ನೂ ಕಾಯಬೇಕಾಗಿರಲಿಲ್ಲ. ಜಗತ್ತಿನ ಗಣಕಯಂತ್ರಗಳೆಲ್ಲ ಆ ರಾತ್ರಿ ನಿಂತುಹೋದಾವೆಂದು ದೊಡ್ಡ ದೊಡ್ಡ ದೇಶಗಳು ಎಚ್ಚರಿದ್ದಾಗ, ಅವ್ವ ಒಂಬತ್ತಕ್ಕೆಲ್ಲ ಗೊರಕೆ ಹೊಡೆಯುತ್ತಿದ್ದಳು. ನಸುಕಿನ ಐದೂವರೆಗೆ ಎದ್ದಾಗ, "ಲೆಸ್ಟರಿನ್ಯಾಗ ಈಗ ಹೊಸಾ ವರ್ಷ ಹುಟ್ಟಿತಬೇ" ಎಂದೆ. "ಹೌದ? ಚಲೋ ಆತು" ಎಂದು ಮತ್ತೆ ಮಗ್ಗುಲಾದಳು.

ಮುಂದಿನ ಗುರುವಾರ ಎಳ್ಳಮಾಸಿ. ಚರಗ ಚೆಲ್ಲಿಯೇ ಹೋಗಬೇಕೆಂದು ಮನೆಯವರೆಲ್ಲ ದುಂಬಾಲುಬಿದ್ದರು. ನನ್ನ ಟಿಕೀಟು ಅದಕ್ಕೂ ಮುಂಚಿನದು. "ನೀ ಇರ" ಎಂದೆ ಅವ್ವನಿಗೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ತಡವರಿಸಿ, "ಇರ್ತೀನಿ" ಎಂದಳು.

ಜನವರಿ 2ರಂದು ನಾನು ರೈಲಿನ ಕಿಟಕಿಯಲ್ಲಿ ಕುಳಿತಿದ್ದೆ. ಇಲಕಲ್ಲ ಸೀರೆಯ ಸೆರಗು ಹೊದ್ದು ಅವ್ವ ಅಣ್ಣಿಗೇರಿಯ ಫಲಾಟಿನ ಮೇಲೆ ನಿಂತಿದ್ದಳು. ಕೈಯಲ್ಲಿ ಒಂದು ಗಂಟು. ಕಿಟಕಿಯೊಳಗಿಂದ ಕೊಟ್ಟಳು, ಕೈ ಹಿಡಿದಳು. ನಾನೇ ಕೇಳಿದೆ: "ಲಕಮನಹಳ್ಳಿಗೆ ಯಾವಾಗ ಹೋಗ್ತಿ?" ಅವ್ವ ಕಣ್ಣರಳಿಸಿ, ತನ್ನ ಅಣ್ಣನ ಮಕ್ಕಳ ಕಡೆ ತಿರುಗಿ, "ನೋಡ್ರೆಲಾ, ಬಂದ ಕೂಡ್ಲೆ ಹೋಗೂದು ಕೇಳ್ತಾಳ!" ಎಂದು ನಕ್ಕಳು. ಗಾಡಿ ಹೊರಟಿತು. ಗಂಟಿನಲ್ಲಿದ್ದುದು ಶೇಂಗಾ ಉಂಡಿಯೇ. ಈ ಸಲ ಹಂಚಿಕೊಳ್ಳಲು ಯಾರೂ ಇರಲಿಲ್ಲವಾದ್ದರಿಂದ, ಅವ್ವ ಕಣ್ಮರೆಯಾಗುವತನಕ ನೋಡಲು ಸಾಧ್ಯವಾಯಿತು.

ಅವಳು ಆ ಸಲ ಸಂಕ್ರಾಂತಿ ಮುಗಿಸಿಕೊಂಡು ಲಕಮನಹಳ್ಳಿಗೆ ಮರಳಿದಳೆಂದು ಅಣ್ಣ ಬರೆದ. 2004ರಲ್ಲಿ ಅವ್ವ ತೀರಿಕೊಂಡಾಗ ನಾನು ಲೆಸ್ಟರಿನಲ್ಲಿದ್ದೆ. ಮುಟ್ಟಿದ್ದು ಮೂರನೆಯ ದಿನ. ಅಂದು ಓಣಿಯ ಯಾರೂ ನನಗೆ ಎರಡನೆಯ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತೆನಿಸಿತು.

ನನ್ನ ಮಗಳು ಈಗ ಕೆನಡದಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಲೆಸ್ಟರಿಗೆ ಬಂದಳು. ಬಾಗಿಲು ತೆರೆದು ಅಪ್ಪಿಕೊಂಡೆ. ಅವಳ ಪೆಟ್ಟಿಗೆ ಇನ್ನೂ ಹೊಸ್ತಿಲ ಹೊರಗಿತ್ತು. ಅಷ್ಟರಲ್ಲೇ ಆ ಎರಡನೆಯ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಹಾಗೆಯೇ ನುಂಗಿಕೊಂಡೆ. ಒಳಗೆ ಹೋಗಿ ಹಂಚು ಕಾಯಲಿಟ್ಟು, ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿದೆ. ದಿನಗಳನ್ನು ಬೆರಳ ಮೇಲೆ ಎಣಿಸುವುದು ರೊಟ್ಟಿ ಬಡಿಯುತ್ತಲೂ ಆಗುತ್ತದೆ.